ಇಬ್ಬರು ನೌಕರರ ಷರತ್ತು

ಶಟರ್ ಎತ್ತುವ ಮೊದಲೇ ಒಳಗಿನಿಂದ ಹಬೆಯ ಸದ್ದು ಕೇಳಿಸಿತು. ಬೀಗದ ಕೈ ಇನ್ನೂ ತನ್ನ ಮುಷ್ಟಿಯಲ್ಲೇ ಇದೆ, ಹಾಗಾದರೆ ಒಳಗಿರುವವರು ಯಾರು ಎಂದು ಕಲೆಯಮ್ಮ ಗಂಡನ ಮುಖ ನೋಡಿದಳು. ಗಂಡ ಎಂದಿನಂತೆ ಅವಳ ಮುಖ ನೋಡಿದ.

ಒಳಗೆ, ಹಿಂಬಾಗಿಲ ಹತ್ತಿರ, ಐವತ್ತೆಂಟರ ಆಸುಪಾಸಿನ ಹೆಂಗಸೊಬ್ಬಳು ಇಸ್ತ್ರಿ ಯಂತ್ರದ ಮುಂದೆ ಎತ್ತರದ ಸ್ಟೂಲಿನ ಮೇಲೆ ಕೂತು ಪ್ಯಾಂಟೊಂದರ ಕಾಲುಗಳನ್ನು ಜೋಡಿಸುತ್ತಿದ್ದಳು. ಬಾಯ್ಲರ್ ಆಗಲೇ ಕಾದಿತ್ತು. ರೇಡಿಯೋ ಹಾಡುತ್ತಿತ್ತು. ಹೊಸ ಯಜಮಾನರು ಬಂದಿದ್ದಾರೆಂದು ಅವಳು ತಲೆಯನ್ನೂ ಎತ್ತಲಿಲ್ಲ.

"ಬಾಗಿಲು ಯಾರು ತೆಗೆದದ್ದು?" ಎಂದು ಕಲೆಯಮ್ಮ ಕೇಳಿದಳು. ಆ ಊರಿನ ಭಾಷೆಯನ್ನು ಎಂಟು ತಿಂಗಳು ಕೂತು ಕಲಿತಿದ್ದಳು. ಒಡೆದೊಡೆದು ಬಂದರೂ ಕೇಳಬೇಕಾದದ್ದನ್ನು ಕೇಳುವಷ್ಟು ಬರುತ್ತಿತ್ತು.

"ಇಪ್ಪತ್ತೆರಡು ವರ್ಷದಿಂದ ಯಾರು ತೆಗೀತಿದ್ರೋ ಅವರೇ."

"ಹಿಂಬಾಗಿಲಿನ ಕೀಲಿ ನನಗೆ ಕೊಟ್ಟುಬಿಡಿ. ಇನ್ನು ಮೇಲೆ ನಾನೇ ತೆಗೀತೀನಿ."

ಇಸ್ತ್ರಿಯಾಕೆ ಯಂತ್ರದ ಮುಚ್ಚಳವನ್ನು ಕೆಳಗೆಳೆದಳು. ಬುಸ್ಸೆಂದು ಹಬೆ ಎದ್ದು ಇಬ್ಬರ ನಡುವೆ ತುಂಬಿಕೊಂಡಿತು. ಅದು ಇಳಿಯುವವರೆಗೂ ಕಾದು, ಕೀಲಿಯನ್ನು ಸರಪಳಿಯಿಂದ ಬಿಡಿಸಿ, ಕೈಗೆ ಕೊಡದೆ ಮೇಜಿನ ಮೇಲೆ ಇಟ್ಟಳು. ಎತ್ತಿಕೊಳ್ಳುವ ಕೆಲಸ ಕಲೆಯಮ್ಮನದಾಯಿತು.

ಕಲೆಯಮ್ಮ ಎಂಬುದು ಅವಳ ನಿಜವಾದ ಹೆಸರಲ್ಲ. ಸ್ವಂತ ಊರಿನಲ್ಲಿ ಮಾವನವರ ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಹದಿನೆಂಟು ವರ್ಷ ಬಟ್ಟೆಯ ಕಲೆ ತೆಗೆದವಳು ಅವಳು. ಶಾಯಿ, ರಕ್ತ, ತುಕ್ಕು, ಗ್ರೀಸು, ಲಿಪ್‌ಸ್ಟಿಕ್ಕು, ಯಾವುದೇ ಇರಲಿ, ಒಮ್ಮೆ ಮೂಸಿ, ಬೆಳಕಿಗೆ ಹಿಡಿದು, ಇದು ಇಂಥದ್ದು, ಬಿದ್ದು ಇಷ್ಟು ದಿನವಾಗಿದೆ ಎಂದು ಹೇಳಿಬಿಡುತ್ತಿದ್ದಳು. ಗಿರಾಕಿಗಳು ಪ್ರೀತಿಯಿಂದ ಇಟ್ಟ ಅಡ್ಡಹೆಸರು ಅದು. ಗೊತ್ತಿಲ್ಲದವರೊಬ್ಬರು ಒಮ್ಮೆ, "ಕಲೆಯಮ್ಮ ಅಂತೀರಲ್ಲ, ಹಾಡ್ತಾರೋ ಕುಣೀತಾರೋ?" ಎಂದು ಕೇಳಿದ್ದಕ್ಕೆ ಅವಳ ಗಂಡ, "ಎರಡೂ ಇಲ್ಲ ಸ್ವಾಮಿ, ಕುಣಿಸ್ತಾಳೆ" ಎಂದಿದ್ದ.

ಮಾವನವರು ಇರುವವರೆಗೆ ಎಲ್ಲ ನೆಟ್ಟಗಿತ್ತು. ಅವರು ಹೋದ ಮೇಲೆ ಭಾವ, ಅಂದರೆ ಗಂಡನ ಅಣ್ಣ, ಗಲ್ಲಾಪೆಟ್ಟಿಗೆಯ ಮುಂದೆ ಕೂತವನು ಮತ್ತೆ ಏಳಲಿಲ್ಲ. ಬೋರ್ಡಿಗೆ ತನ್ನ ಮಗನ ಹೆಸರು ಸೇರಿಸಿದ. ತಮ್ಮನನ್ನು ಕೌಂಟರಿನಿಂದ ತೆಗೆದು ಗೋದಾಮಿಗೆ ಹಾಕಿದ. ಕಲೆಯಮ್ಮ ಒಂದು ವರ್ಷ ತಡೆದುಕೊಂಡಳು. ಆಮೇಲೆ ಊಟದ ಮನೆಯಲ್ಲಿ ಎಲ್ಲರೂ ಕೂತಿದ್ದಾಗ, "ಭಾವ, ನಮ್ಮ ಪಾಲು ನಮಗೆ ಕೊಟ್ಬಿಡಿ" ಎಂದಳು.

ಭಾವ ತುತ್ತು ಬಾಯಿಗಿಡುತ್ತಾ ಹೆಂಡತಿಯ ಕಡೆ ತಿರುಗಿ, "ಕೇಳಿದ್ಯಾ? ಕಲೆ ಉಜ್ಜೋಳಿಗೆ ಪಾಲು ಬೇಕಂತೆ" ಎಂದು ನಕ್ಕ.

ಅದಾದ ಮೇಲೆ ಅವಳು ಆ ಮನೆಯಲ್ಲಿ ಒಂದು ಲೋಟ ನೀರನ್ನೂ ಮುಟ್ಟಲಿಲ್ಲ. ವಕೀಲರು, ಮಧ್ಯಸ್ಥರು, ಅಳು, ಶಾಪ ಎಲ್ಲ ಮುಗಿದು ಪಾಲು ಕೈಗೆ ಬರುವ ಹೊತ್ತಿಗೆ ಒಂದೂವರೆ ವರ್ಷ ಹಿಡಿಯಿತು. ಅದೇ ಊರಿನಲ್ಲಿ ಇನ್ನೊಂದು ಅಂಗಡಿ ಹಾಕಬಹುದಿತ್ತು. ಆದರೆ ಬೆಳಗಾದರೆ ಭಾವನ ಬೋರ್ಡು ಕಣ್ಣಿಗೆ ಬೀಳುತ್ತಿತ್ತು. ಅಂಥ ದಿನಗಳಲ್ಲೇ, ಹಳೆಯ ಗಿರಾಕಿಯೊಬ್ಬರು ಕಲೆ ತೆಗೆಯಲೆಂದು ಮನೆಗೇ ತಂದುಕೊಟ್ಟ ಕೋಟಿನ ಜೇಬಿನಲ್ಲಿ ಅವಳಿಗೊಂದು ಕರಪತ್ರ ಸಿಕ್ಕಿತು. ಬಂಡವಾಳ ಹಾಕಿ, ಒಂದು ವ್ಯಾಪಾರ ಕೊಂಡು, ಹೊರದೇಶದಲ್ಲಿ ನೆಲೆಸಿ ಎಂದು ಅದರಲ್ಲಿತ್ತು. ಹದಿನೆಂಟು ವರ್ಷದಲ್ಲಿ ಗಿರಾಕಿಯ ಜೇಬಿನ ಒಂದು ಚೂರು ಕಾಗದವನ್ನೂ ಇಟ್ಟುಕೊಂಡವಳಲ್ಲ. ಅದೊಂದನ್ನು ಇಟ್ಟುಕೊಂಡಳು.

ಕಾನೂನು ಹೀಗಿತ್ತು: ವ್ಯಾಪಾರವನ್ನು ಕೊಂಡವರೇ ನಿಂತು ನಡೆಸಬೇಕು, ಆ ದೇಶದವರು ಇಬ್ಬರಿಗಾದರೂ ಪೂರ್ತಿ ದಿನದ ಕೆಲಸ ಕೊಟ್ಟಿರಬೇಕು. ಎರಡು ವರ್ಷ ಹೀಗೆ ನಡೆಸಿ ತೋರಿಸಿದರೆ ಕಾಯಂ ಆಗಿ ಉಳಿಯಬಹುದು, ಆಮೇಲೆ ಯಾವ ಷರತ್ತೂ ಇಲ್ಲ. ನಡುವೆ ಇಬ್ಬರಲ್ಲಿ ಒಬ್ಬರು ಬಿಟ್ಟುಹೋದರೆ ಒಂದು ತಿಂಗಳೊಳಗೆ ಇನ್ನೊಬ್ಬರನ್ನು ತೋರಿಸಬೇಕು. ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು.

ವೀಸಾ ಸಂದರ್ಶನಕ್ಕೆ ಕರೆದಾಗ ಗಾಜಿನ ಆಚೆ ಕೂತ ಅಧಿಕಾರಿ ಅವಳ ಕಾಗದಗಳನ್ನು ಎರಡು ಬೆರಳಲ್ಲಿ, ಒದ್ದೆ ಕರವಸ್ತ್ರ ಎತ್ತುವವನಂತೆ ಎತ್ತಿ ನೋಡಿದ.

"ವ್ಯಾಪಾರ ನಡೆಸೋದು ನಿಮ್ಮ ಗಂಡ ತಾನೇ? ನಿಮ್ಮ ಹೆಸರು ಸುಮ್ಮನೆ ಹಾಕಿದ್ದಾರೆ."

"ಇಲ್ಲ, ನಾನೇ."

"ನಿಮಗೆ ಈ ಕೆಲಸ ಗೊತ್ತು ಅನ್ನೋದಕ್ಕೆ ಏನು ಸಾಕ್ಷಿ? ಡಿಗ್ರಿ ಇದೆಯಾ?"

ಕಲೆಯಮ್ಮ ಅವನ ಕೊರಳ ಪಟ್ಟಿಯನ್ನೇ ನೋಡುತ್ತಿದ್ದಳು. "ಸಾರ್, ನಿಮ್ಮ ಕಾಲರಿನ ಎಡಗಡೆ ತುದೀಲಿ ಗುಳ್ಳೆ ಎದ್ದಿದೆ ನೋಡಿ. ಒಳಗಿರೋ ಗಟ್ಟಿ ಪಟ್ಟಿ, ಬಕ್ರಮ್, ಮೇಲಿನ ಬಟ್ಟೆಯಿಂದ ಬಿಟ್ಟುಕೊಂಡಿದೆ. ಇಸ್ತ್ರಿ ತುಂಬ ಬಿಸಿ ಇಟ್ಟಿದ್ದಾರೆ, ಅದೂ ಒದ್ದೆ ಇರೋವಾಗ್ಲೇ. ಬಲಗಡೆ ಇನ್ನೂ ಸರಿಯಾಗಿದೆ. ಅಂಗಡಿ ಬದಲಾಯಿಸಿದ್ರೆ ಅದಾದ್ರೂ ಉಳಿಯುತ್ತೆ."

ಪಕ್ಕದಲ್ಲಿ ಕೂತಿದ್ದ ಗಂಡ ಕಣ್ಣು ಮುಚ್ಚಿಕೊಂಡ. ಅಧಿಕಾರಿ ನಗಲಿಲ್ಲ. ಕೊರಳ ಪಟ್ಟಿಯನ್ನು ಒಮ್ಮೆ ಮುಟ್ಟಿಕೊಂಡು, "ಮುಂದಿನವರು" ಎಂದ. ಮೂರು ವಾರಕ್ಕೆ ಪರವಾನಗಿ ಬಂತು.

ಹೀಗೆ ಬಂದವಳು ಅವಳು. ಅಂಗಡಿಯ ಜೊತೆಗೆ ಇಬ್ಬರು ನೌಕರರೂ ಬಂದರು. ಒಬ್ಬಳು ಈ ಇಸ್ತ್ರಿಯಾಕೆ. ಇನ್ನೊಬ್ಬ, ಹೋಟೆಲುಗಳಿಂದ ಹಾಸಿಗೆಬಟ್ಟೆಯ ಗಂಟುಗಳನ್ನು ತಂದು, ಒಗೆದ ಮೇಲೆ ಮುಟ್ಟಿಸುವ ವ್ಯಾನಿನವನು. ಮಾರಿದ ಮುದುಕ ಕಾಗದಕ್ಕೆ ಸಹಿ ಹಾಕಿ ಕೈಕುಲುಕುವಾಗ, "ಅವಳನ್ನ ಮಾತ್ರ ಬಿಡಿಸ್ಬೇಡಿ, ಆ ಬಾಯ್ಲರ್ ಅವಳ ಮಾತು ಬಿಟ್ಟು ಬೇರೆ ಯಾರ ಮಾತೂ ಕೇಳಲ್ಲ" ಎಂದಿದ್ದ. ಹೇಳುವಾಗ ಅವನು ಕಣ್ಣು ತಪ್ಪಿಸಿದ್ದು ಕಲೆಯಮ್ಮನಿಗೆ ಆಮೇಲೆ ನೆನಪಾಯಿತು.

ಇಸ್ತ್ರಿಯಾಕೆಗೆ ಷರತ್ತು ಗೊತ್ತಿತ್ತು. ವಕೀಲರ ಕಾಗದ ಅಂಗಡಿಯ ವಿಳಾಸಕ್ಕೇ ಬಂದಿತ್ತು, ಒಡೆದದ್ದು ಅವಳೇ. ಎರಡನೆಯ ವಾರ, ಬಿಳಿ ಅಂಗಿಗೆ ಇಷ್ಟು ಹಬೆ ಬೇಡವೆಂದು ಕಲೆಯಮ್ಮ ಹೇಳಿದಾಗ ಅವಳು ಯಂತ್ರವನ್ನು ನಿಲ್ಲಿಸಿ, ಎಪ್ರನ್ನಿಗೆ ಕೈ ಒರೆಸಿಕೊಂಡು, ಮೊದಲ ಸಲ ನೇರವಾಗಿ ಮುಖ ನೋಡಿದಳು.

"ನೋಡಿ ಯಜಮಾನಿ, ನಾನು ಇಲ್ಲದಿದ್ರೆ ನೀವು ಈ ದೇಶದಲ್ಲಿ ಇಲ್ಲ. ಇದು ನೆನಪಲ್ಲಿರ್ಲಿ. ನನಗೆ ಕೆಲಸ ಎಲ್ಲಾದ್ರೂ ಸಿಗುತ್ತೆ. ನಿಮಗೆ ದೇಶ ಎಲ್ಲಿ ಸಿಗುತ್ತೆ?"

ಕಲೆಯಮ್ಮ ಆ ಅಂಗಿಯನ್ನು ಎತ್ತಿಕೊಂಡು ತನ್ನ ಮೇಜಿಗೆ ಹೋದಳು. ಅಂದು ಮನೆಗೆ ಹೋದವಳು ಪಾತ್ರೆಗಳನ್ನು ತೊಳೆದ ರೀತಿಗೆ ಎರಡು ಲೋಟ ಒಡೆದವು. ಗಂಡ ಚೂರುಗಳನ್ನು ಆರಿಸುತ್ತಾ, "ಸ್ವಲ್ಪ ನಯವಾಗಿ ಮಾತಾಡಿಸಿ ನೋಡು. ಹೇಗೂ ಎರಡು ವರ್ಷದ ಮಾತು" ಎಂದ.

"ಹದಿನೆಂಟು ವರ್ಷ ನಿಮ್ಮಣ್ಣನ ಹತ್ರ ನಯವಾಗೇ ಮಾತಾಡಿದ್ದೆ."

ಅವನು ಚೂರುಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿಟ್ಟ.

ಅಂಗಡಿಯಲ್ಲಿ ಯುದ್ಧ ಶುರುವಾಯಿತು. ಕಿರುಚಾಟವಿಲ್ಲದ ಯುದ್ಧ ಅದು. ಇಸ್ತ್ರಿಯಾಕೆ ಬೆಳಿಗ್ಗೆ ಹತ್ತು ನಿಮಿಷ ತಡವಾಗಿ ಬರತೊಡಗಿದಳು. ಕಲೆಯಮ್ಮ ರೇಡಿಯೋದ ವೈರು ಕಿತ್ತು ಒಳಗಿಟ್ಟಳು. ಇಸ್ತ್ರಿಯಾಕೆ ಹಾಡನ್ನು ತಾನೇ ಹಾಡತೊಡಗಿದಳು, ಅದೂ ಒಂದೇ ಹಾಡು. ಹೀಗೆ ಒಂದು ವರ್ಷ ದಾಟಿದ ಮೇಲೆ ಕಲೆಯಮ್ಮ ಚಹಾ ಕಾಯಿಸುವ ಕೆಟಲ್ ಅನ್ನು ಮನೆಗೆ ಒಯ್ದಳು. ಅದರ ಮರುವಾರ ಎರಡು ಕೋಟುಗಳ ನಂಬರು ಚೀಟಿ ಅದಲುಬದಲಾಗಿ, ಗಿಡ್ಡ ಗಿರಾಕಿಗೆ ಉದ್ದನೆಯವನ ಕೋಟು ಹೋಯಿತು. ಅವನು ಮೊಣಕಾಲು ಮುಟ್ಟುವ ಕೋಟು ತೊಟ್ಟುಕೊಂಡೇ ಅಂಗಡಿಗೆ ಬಂದು, ಸಾಲಿನಲ್ಲಿ ನಿಂತ ನಾಲ್ಕು ಜನರ ಎದುರು ಎರಡೂ ತೋಳು ಚಾಚಿ ತೋರಿಸಿ ಬೈದುಹೋದ.

"ಚೀಟಿ ಬದಲಾಯಿಸಿದ್ದು ನೀವೇ" ಎಂದಳು ಕಲೆಯಮ್ಮ.

"ನನ್ನ ಕೆಲಸ ಇಸ್ತ್ರಿ. ಚೀಟಿ ನೋಡೋದು ಯಜಮಾನರ ಕೆಲಸ."

ಮರುದಿನ ಕಲೆಯಮ್ಮ ಸ್ಟೂಲನ್ನು ಎತ್ತಿ ಅಟ್ಟಕ್ಕೆ ಹಾಕಿದಳು. ಇಸ್ತ್ರಿಯಾಕೆಯ ಮಂಡಿ ಸರಿಯಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಮೆಟ್ಟಿಲು ಹತ್ತುವಾಗ ಅವಳು ಗೋಡೆ ಹಿಡಿಯುವುದನ್ನು ನೋಡಿದ್ದಳು. ಗೊತ್ತಿದ್ದೇ ಮಾಡಿದಳು. ಈ ಕತೆಯಲ್ಲಿ ಅವಳನ್ನು ಒಳ್ಳೆಯವಳೆಂದು ತೋರಿಸಲು ಹೊರಟರೆ ಆ ಸ್ಟೂಲು ಅಡ್ಡ ಬರುತ್ತದೆ. ಗಂಡ ಅದನ್ನು ಕಂಡು, "ಇದು ಸರಿಯಲ್ಲ ಕಣೆ. ವಯಸ್ಸಾದವರು" ಎಂದ. ಅವಳು ಏಣಿ ಮಡಚಿಟ್ಟಳು. ಇಸ್ತ್ರಿಯಾಕೆ ಸ್ಟೂಲು ಎಲ್ಲೆಂದು ಕೇಳಲಿಲ್ಲ. ನಾಲ್ಕು ತಿಂಗಳು ನಿಂತೇ ಇಸ್ತ್ರಿ ಮಾಡಿದಳು. ಸಂಜೆ ಹೊತ್ತಿಗೆ ಅವಳ ತುಟಿ ಬಿಳಚಿಕೊಂಡಿರುತ್ತಿತ್ತು, ಆದರೆ ಹಾಡು ನಿಲ್ಲುತ್ತಿರಲಿಲ್ಲ.

ಇದರ ನಡುವೆ ಭಾವನ ಫೋನು ಬಂತು. ತಮ್ಮನ ಯೋಗಕ್ಷೇಮ ವಿಚಾರಿಸುವ ನೆಪ. ಗಂಡ ಫೋನನ್ನು ಸ್ಪೀಕರಿಗೆ ಹಾಕಿದ್ದ. ಬೇಕೆಂದೇನಲ್ಲ, ಅವನಿಗೆ ಅದನ್ನು ತೆಗೆಯಲು ಬರುತ್ತಿರಲಿಲ್ಲ.

"ಏನೋ, ಅಲ್ಲೂ ಬಟ್ಟೇನೇ ಒಗೀತಿದ್ದೀರಂತೆ? ಒಗೆಯೋದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ಇಲ್ಲಿ ನೀರಿರಲಿಲ್ವಾ?"

"ಇಲ್ಲ ಅಣ್ಣ, ಚೆನ್ನಾಗಿದ್ದೀವಿ..."

"ನೋಡ್ತಿರು, ಅವಳ ಬಾಯಿಗೆ ಅಲ್ಲಿಯವರೂ ಓಡಿಸ್ತಾರೆ. ಬರೋವಾಗ ಒಂದು ಮಾತು ಹೇಳು. ಗೋದಾಮಲ್ಲಿ ಜಾಗ ಖಾಲಿ ಇಟ್ಟಿರ್ತೀನಿ."

ಕಲೆಯಮ್ಮ ಫೋನು ಕಿತ್ತುಕೊಂಡಳು. "ಭಾವ, ಆ ಗೋದಾಮಿನ ಮೂಲೇಲಿ ಇಲಿ ಸೇರ್ಕೊಂಡಿತ್ತು, ಇನ್ನೂ ಇದೆಯಾ? ಇದ್ರೆ ಅದರ ಹತ್ರಾನೇ ಮಾತಾಡ್ತಿರಿ" ಎಂದು ಕತ್ತರಿಸಿದಳು. ಹಿಂತಿರುಗಿ ಹೋಗುವುದೆಂದರೆ ಆ ನಗುವಿನ ಮುಂದೆ ಹೋಗಿ ನಿಲ್ಲುವುದು. ಅದಕ್ಕಿಂತ ಇಸ್ತ್ರಿಯಾಕೆಯ ಹಾಡೇ ವಾಸಿ ಎನ್ನಿಸಿತು.

ಒಂದೂವರೆ ವರ್ಷ ತುಂಬುವ ಹೊತ್ತಿಗೆ ವ್ಯಾನಿನವನು ಕೆಲಸ ಬಿಟ್ಟ. ಅವನಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ಸಿಟಿ ಬಸ್ಸಿನಲ್ಲಿ ಡ್ರೈವರ್ ಕೆಲಸ ಸಿಕ್ಕಿತ್ತು. ಕೊನೆಯ ದಿನ ಗಂಟುಗಳನ್ನು ಇಳಿಸಿ, ಕೀಲಿ ಕೊಡಲು ಬಂದವನು ಬಾಗಿಲಲ್ಲೇ ನಿಂತ.

"ಒಂದು ಮಾತು ಹೇಳ್ಲಾ ಯಜಮಾನಿ? ಹೇಳಬಾರದು ಅಂತ ಒಂದೂವರೆ ವರ್ಷ ಬಾಯಿ ಕಟ್ಕೊಂಡಿದ್ದೆ."

"ಹೇಳಿ."

"ಈ ಅಂಗಡಿ ಅವಳಿಗೆ ಬರಬೇಕಾಗಿದ್ದು. ಮುದುಕ ಮಾತು ಕೊಟ್ಟಿದ್ದ. ನನ್ನ ಎದುರಿಗೇ ಕೊಟ್ಟಿದ್ದ. ನೀನು ಹಣ ಸ್ವಲ್ಪ ಸ್ವಲ್ಪವಾಗಿ ಕೊಡು, ಅಂಗಡಿ ನಿನ್ನದೇ ಅಂತ. ಆ ಮಾತಿನ ಮೇಲೆ ಅವಳು ಆರು ವರ್ಷ ಸಂಬಳ ಏರಿಸಿ ಅಂತ ಕೇಳಲಿಲ್ಲ. ಆಮೇಲೆ ನೀವು ಬಂದ್ರಿ. ನಿಮ್ಮದು ಒಂದೇ ಸಲಕ್ಕೆ ಪೂರ್ತಿ ಹಣ. ಮುದುಕ ಅವಳಿಗೆ ಹೇಳಲೂ ಇಲ್ಲ. ನೀವು ಶಟರ್ ಎತ್ತಿದ ಹಿಂದಿನ ದಿನ ಗೊತ್ತಾಗಿದ್ದು ಅವಳಿಗೆ."

ಕಲೆಯಮ್ಮನಿಗೆ ಮೊದಲು ಬಂದದ್ದು ಸಿಟ್ಟು. "ಅದಕ್ಕೆ ನಾನೇನು ಮಾಡ್ಲಿ? ನಾನೇನು ಕದ್ದಿದ್ನಾ? ಮುದುಕನ್ನ ಹೋಗಿ ಕೇಳಲಿ."

"ಮುದುಕ ಊರು ಬಿಟ್ಟ. ಕೈಗೆ ಸಿಕ್ಕಿದ್ದು ನೀವು" ಎಂದು ಅವನು ಟೋಪಿ ಹಾಕಿಕೊಂಡು ಹೋದ.

ಆ ಮಧ್ಯಾಹ್ನ ಅವಳು ಒಂದೇ ರೇಷ್ಮೆ ಅಂಗಿಯ ಕಲೆಯ ಮೇಲೆ ಬ್ರಷ್ ಆಡಿಸುತ್ತಾ ಕೂತಳು. ಕಲೆ ಹೋದ ಮೇಲೂ ಆಡಿಸುತ್ತಲೇ ಇದ್ದಳು, ಬಟ್ಟೆಯ ಎಳೆ ಬಿಚ್ಚಿಕೊಂಡಿತು. ಮಾತು ಕೊಟ್ಟು ಕೈ ಎತ್ತುವವರು ಅವಳಿಗೆ ಹೊಸಬರಲ್ಲ. ಮಾವನವರು ಸಾಯುವ ಮುಂಚೆ ಅವಳ ತಲೆಯ ಮೇಲೆ ಕೈಯಿಟ್ಟು, ಹಿಂದಿನ ಕೋಣೆ ನಿನ್ನದೇ ಮಗಳೇ ಎಂದಿದ್ದರು. ಅದಕ್ಕೂ ಸಾಕ್ಷಿಗಳಿದ್ದರು. ಆದರೂ ಇಸ್ತ್ರಿಯಾಕೆಯ ಮೇಲೆ ಅವಳಿಗೆ ಕನಿಕರ ಹುಟ್ಟಲಿಲ್ಲ. ತನ್ನ ಹಣ, ತನ್ನ ಬೆವರು, ತಾನು ಕಲಿತ ಭಾಷೆ. ಯಾರೋ ಮುದುಕನ ಸುಳ್ಳಿಗೆ ತಾನೇಕೆ ಬೆಲೆ ತೆರಬೇಕು?

ಈಗ ನೌಕರರೆಂದು ಉಳಿದವಳು ಇಸ್ತ್ರಿಯಾಕೆ ಒಬ್ಬಳೇ. ತಿಂಗಳೊಳಗೆ ಇನ್ನೊಬ್ಬರು ಸಿಗಬೇಕು. ಜಾಹೀರಾತು ಹಾಕಿದಳು. ಇಬ್ಬರು ಬಂದು ಅಂಗಡಿಯ ಸೆಕೆ ನೋಡಿ ಹೋದರು. ಒಬ್ಬಳು ಎರಡು ದಿನ ನಿಂತು, ಮೂರನೆಯ ದಿನ ವಾಸನೆಗೆ ತಲೆನೋವೆಂದು ಕೈಬಿಟ್ಟಳು. ಗಂಡ ವ್ಯಾನು ಓಡಿಸುವುದನ್ನು ಕಲಿತ. ಆದರೆ ಗಂಡನನ್ನು ನೌಕರನೆಂದು ಲೆಕ್ಕ ಹಿಡಿಯುವಂತಿರಲಿಲ್ಲ. ಇಪ್ಪತ್ತು ದಿನ ಕಳೆದವು. ಇಪ್ಪತ್ತೊಂದನೆಯ ದಿನ ಇಸ್ತ್ರಿಯಾಕೆ ತಾನಾಗಿ ಕಲೆ ತೆಗೆಯುವ ಮೇಜಿನ ಹತ್ತಿರ ಬಂದಳು.

"ನನ್ನ ತಂಗಿ ಇದ್ದಾಳೆ. ಕೌಂಟರಿಗೆ ಆಗ್ತಾಳೆ. ನಾಳೆಯಿಂದ ಬರ್ತಾಳೆ."

"ಯಾಕೆ ಈ ಉಪಕಾರ?"

"ಉಪಕಾರ ಅಂತ ಯಾರು ಹೇಳಿದ್ದು? ನನ್ನ ಸ್ಟೂಲು ಇಳಿಸು. ಕೆಟಲ್ ತಂದಿಡು. ರೇಡಿಯೋ ಹಾಕು. ಅಷ್ಟಾದ್ರೆ ಬರ್ತಾಳೆ, ಇಲ್ಲದಿದ್ರೆ ನಿನ್ನ ಗಂಟುಮೂಟೆ ಕಟ್ಟೋಕೆ ನಾನೇ ಬಂದು ಸಹಾಯ ಮಾಡ್ತೀನಿ."

'ನೀವು' ಹೋಗಿ 'ನೀನು' ಬಂದದ್ದನ್ನು ಕಲೆಯಮ್ಮ ಗಮನಿಸಿದಳು. ಏಣಿ ಹಾಕಿ ಅಟ್ಟದಿಂದ ಸ್ಟೂಲು ಇಳಿಸಿದಳು. ಧೂಳು ಒರೆಸಲಿಲ್ಲ. ಇಸ್ತ್ರಿಯಾಕೆಯೇ ಒರೆಸಿಕೊಂಡು ಕೂತಳು.

ತಂಗಿ ಅಕ್ಕನಂತಲ್ಲ. ಮಾತು ಜೇನು, ಮುಖದಲ್ಲಿ ಸದಾ ನಗು. ಬಂದ ಗಿರಾಕಿಯ ಹೆಸರು, ವಿಳಾಸ, ಮಕ್ಕಳು ಯಾವ ಶಾಲೆ, ನಾಯಿಗೆ ಏನು ಕಾಯಿಲೆ, ಎಲ್ಲ ಅವಳ ಬಾಯಲ್ಲಿ. ಅಂಗಡಿಗೆ ಜನ ಹೆಚ್ಚಾದರು. ಕಲೆಯಮ್ಮನಿಗೆ ಅದು ಹಿಡಿಸಿತು, ಹಿಡಿಸಿತೆಂದು ತೋರಿಸಿಕೊಳ್ಳಲಿಲ್ಲ. ತಂಗಿ ಒಂದು ನೋಟುಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದುದನ್ನು ಕಂಡಿದ್ದಳು. ನಂಬರು ಬರೆಯುತ್ತಾಳೆ ಎಂದುಕೊಂಡಿದ್ದಳು.

ಎರಡು ವರ್ಷ ತುಂಬಲು ಹದಿನೈದು ದಿನ ಇದ್ದಾಗ, ಒಂದು ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ, ಚರ್ಮದ ಚೀಲ ಹಿಡಿದ ತನಿಖಾಧಿಕಾರಿ ಹೇಳದೆ ಕೇಳದೆ ಬಂದಳು. ನಲವತ್ತರ ಹೆಂಗಸು. ಕೂರಲು ಕುರ್ಚಿ ಕೊಟ್ಟರೆ ಬೇಡವೆಂದಳು, ನೀರು ಕೊಟ್ಟರೆ ಬೇಡವೆಂದಳು. ಕಡತ ನೋಡಿದಳು, ಬಾಯ್ಲರ್ ನೋಡಿದಳು, ಹ್ಯಾಂಗರುಗಳ ಸಾಲಿನ ನಡುವೆ ನಡೆದಳು. ಆಮೇಲೆ ಕಲೆಯಮ್ಮನಿಗೂ ಗಂಡನಿಗೂ, "ನೀವಿಬ್ಬರೂ ಹೊರಗಿರಿ. ನೌಕರರ ಹತ್ತಿರ ನಾನೊಬ್ಬಳೇ ಮಾತಾಡಬೇಕು" ಎಂದಳು.

ಹೊರಗೆ ಎಂದರೆ ಅಂಗಡಿಯ ಹಿಂದಿನ ಓಣಿ. ಹಬೆ ಹೋಗಲೆಂದು ಬಿಟ್ಟ ಕಿಟಕಿ ಅಲ್ಲಿಗೇ ತೆರೆದಿತ್ತು. ಒಳಗಿನ ಒಂದೊಂದು ಮಾತೂ ಕೇಳುತ್ತಿತ್ತು. ಗಂಡ ಗೋಡೆಗೆ ಒರಗಿ ಬೆವರು ಒರೆಸಿಕೊಂಡ. ಕಲೆಯಮ್ಮ ಸೆಟೆದು ನಿಂತಿದ್ದಳು.

ಮೊದಲು ತಂಗಿ ನಾಲ್ಕು ಸಿಹಿ ಮಾತಾಡಿ ಹೊರಬಂದಳು. ಆಮೇಲೆ ಇಸ್ತ್ರಿಯಾಕೆಯ ದನಿ.

"ನಿಮ್ಮ ಯಜಮಾನಿ ಹೇಗೆ?" ಎಂದು ಅಧಿಕಾರಿ ಕೇಳಿದಳು.

"ರಾಕ್ಷಸಿ."

ಗಂಡ ಕಲೆಯಮ್ಮನ ತೋಳು ಹಿಡಿದ.

"ಅಂದ್ರೆ?"

"ಅಂದ್ರೆ ರಾಕ್ಷಸಿ. ಬರ್ಕೊಳ್ಳಿ. ನನ್ನ ಸ್ಟೂಲು ಕಿತ್ಕೊಂಡ್ಳು, ನಾಲ್ಕು ತಿಂಗಳು ನಿಲ್ಲಿಸಿ ಕೆಲಸ ಮಾಡಿಸಿದ್ಳು, ನನ್ನ ಮಂಡಿ ನೋಡಿ ಹೀಗಾಗಿದೆ. ಚಹಾ ಕುಡಿಯೋಕೆ ಹೋದ್ರೆ ಗಡಿಯಾರ ನೋಡ್ತಾಳೆ. ನಾನು ಇಸ್ತ್ರಿ ಮಾಡಿದ ಕಾಲರನ್ನ ನನ್ನ ಎದುರಿಗೇ ಮತ್ತೆ ನೀರು ಚಿಮುಕಿಸಿ ತಾನು ಮಾಡ್ತಾಳೆ. ಇಪ್ಪತ್ತೆರಡು ವರ್ಷದಲ್ಲಿ ನನಗೆ ಯಾರೂ ಹಾಗೆ ಮಾಡಿರಲಿಲ್ಲ."

"ಅವರು ದಿನಾ ಅಂಗಡಿಗೆ ಬರ್ತಾರಾ? ಅಥವಾ ಹೆಸರಿಗೆ ಮಾತ್ರವಾ?"

"ಹೆಸರಿಗೆ ಮಾತ್ರ ಆಗಿದ್ರೆ ನಾನು ನೆಮ್ಮದಿಯಾಗಿ ಇರ್ತಿದ್ದೆ! ದಿನಾ ನನಗಿಂತ ಮುಂಚೆ ಬಂದು ಕೂತಿರ್ತಾಳೆ. ಜ್ವರ ಬಂದ್ರೂ ಬರ್ತಾಳೆ. ಎರಡು ವರ್ಷದಲ್ಲಿ ಒಂದೇ ಒಂದು ದಿನ ತಪ್ಪಿಸಿದ್ರೆ ಆ ದಿನ ನಾನು ಸಿಹಿ ಹಂಚ್ತಿದ್ದೆ. ಎಲ್ಲದಕ್ಕೂ ಮೂಗು ತೂರಿಸ್ತಾಳೆ. ಬಾಯ್ಲರ್ ಕೆಟ್ಟರೆ ಮೆಕ್ಯಾನಿಕ್ಕನ್ನ ಪಕ್ಕಕ್ಕೆ ತಳ್ಳಿ ತಾನೇ ಒಳಗೆ ಕೈ ಹಾಕ್ತಾಳೆ. ಗಂಡ ಬಾಯಿ ತೆಗೆದ್ರೆ ಅದನ್ನೂ ಅವಳೇ ಮುಚ್ಚಿಸ್ತಾಳೆ."

"ಹಾಗಾದ್ರೆ ವ್ಯಾಪಾರ ನಡೆಸೋದು ಅವರೇ."

"ಇನ್ಯಾರು? ಅಷ್ಟು ಕೆಟ್ಟದಾಗಿ ನಡೆಸೋಕೆ ಬೇರೆ ಯಾರಿಗೆ ಬರುತ್ತೆ?"

ಒಳಗಿನಿಂದ ಪೆನ್ನಿನ ಸದ್ದು ಕೇಳಿಸಿತು. ಅಧಿಕಾರಿ ಹೊರಬಂದು, ಚೀಲ ಮುಚ್ಚಿಕೊಂಡು, ಕಲೆಯಮ್ಮನನ್ನು ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿದಳು. "ನೌಕರರಿಗೆ ಕೂರುವ ವ್ಯವಸ್ಥೆ ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕಾಗುತ್ತೆ. ನೆನಪಿರಲಿ" ಎಂದು ಹೊರಟಳು. ಒಂದು ತಿಂಗಳಿಗೆ ಕಾಯಂ ಪರವಾನಗಿ ಬಂತು. ಜೊತೆಗಿದ್ದ ವರದಿಯ ಪ್ರತಿಯಲ್ಲಿ ಒಂದೇ ಸಾಲಿತ್ತು: ಮಾಲೀಕರು ವ್ಯಾಪಾರವನ್ನು ಸ್ವತಃ, ಪ್ರತಿದಿನ, ನೇರವಾಗಿ ನಡೆಸುತ್ತಿದ್ದಾರೆ.

ಲಕೋಟೆ ಬಂದ ಮರುದಿನವೇ ಇಸ್ತ್ರಿಯಾಕೆ ರಾಜೀನಾಮೆಯ ಚೀಟಿಯನ್ನು ಮೇಜಿನ ಮೇಲಿಟ್ಟಳು. ಅದರ ಕೆಳಗೆ ತಂಗಿಯದೂ ಇತ್ತು.

"ಎಲ್ಲಿಗೆ?" ಎಂದಳು ಕಲೆಯಮ್ಮ.

"ದೂರ ಏನಿಲ್ಲ. ಇಲ್ಲೇ, ಐದು ಬಾಗಿಲು ಆಚೆ. ಗಡಿಯಾರದ ಅಂಗಡಿ ಖಾಲಿಯಾಗಿದೆಯಲ್ಲ, ಅದು."

ಆಗ ಕಲೆಯಮ್ಮನಿಗೆ ಆ ನೋಟುಪುಸ್ತಕ ಹೊಳೆಯಿತು. ಗಿರಾಕಿಗಳ ಹೆಸರು, ಮನೆ, ನಾಯಿ, ಮಕ್ಕಳು. "ಆರು ತಿಂಗಳು ನನ್ನ ಸಂಬಳ ತಿಂದು ನನ್ನ ಗಿರಾಕಿಗಳನ್ನೇ ಕಟ್ಕೊಂಡು ಹೋಗ್ತಿದ್ದೀರಾ!"

"ನಿನ್ನ ಗಿರಾಕಿಗಳಾ? ನಿನಗಿಂತ ಇಪ್ಪತ್ತೆರಡು ವರ್ಷ ಮುಂಚೆಯಿಂದ ಅವರ ಅಂಗಿ ಮಡಚಿದವಳು ನಾನು."

"ಹಾಗಿದ್ರೆ ಆವತ್ತೇ ಒಂದು ಸುಳ್ಳು ಹೇಳಿ ನನ್ನನ್ನ ಓಡಿಸಬಹುದಿತ್ತಲ್ಲ? ಬರೀ ಹೆಸರಿಗೆ ಇದ್ದಾಳೆ ಅಂದಿದ್ರೆ ಮುಗೀತಿತ್ತು. ಯಾಕೆ ಹೇಳಲಿಲ್ಲ?"

ಇಸ್ತ್ರಿಯಾಕೆ ಎಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಕೂರಿಸಿ ಇಟ್ಟಳು. ಅವಳ ಕೈಗೆ ಬೇರೆ ರೀತಿ ಇಡಲು ಬರುತ್ತಿರಲಿಲ್ಲ.

"ಹೇಳಬೇಕು ಅಂತಾನೇ ಇದ್ದೆ. ಎರಡು ವರ್ಷ ಅದೇ ಮಾತನ್ನ ಬಾಯಿಪಾಠ ಮಾಡ್ಕೊಂಡಿದ್ದೆ. ಆಮೇಲೆ ಯೋಚನೆ ಮಾಡ್ದೆ. ನೀನು ಹೋದ್ರೆ ಈ ಅಂಗಡಿ ಯಾರಿಗೆ ಹೋಗುತ್ತೆ? ನನಗಂತೂ ಬರಲ್ಲ. ಊರಿಗೆ ಹತ್ತು ಅಂಗಡಿ ಇಟ್ಟಿರೋ ಆ ದೊಡ್ಡ ಕಂಪನಿಯವರು ತಗೋತಾರೆ. ಅವರ ಎದುರು ನಾನು ಒಂದು ತಿಂಗಳು ನಿಲ್ಲಲಾರೆ. ನಿನ್ನ ಎದುರು ನಿಲ್ಲಬಲ್ಲೆ. ನಿನಗೆ ಯಂತ್ರದ ಇಸ್ತ್ರಿ ಬರಲ್ಲ, ಗಿರಾಕಿಯ ಮುಖ ನೋಡಿ ನಗೋಕೂ ಬರಲ್ಲ. ನೀನು ಇದ್ರೇನೇ ನನಗೆ ಲಾಭ."

"ಕಲೆ ತೆಗೆಯೋಕೆ ನಿನಗೆ ಬರುತ್ತಾ?" ಎಂದಳು ಕಲೆಯಮ್ಮ. ಅವಳ ಬಾಯಲ್ಲೂ 'ನೀವು' ಉಳಿದಿರಲಿಲ್ಲ.

"ಕಲ್ತುಕೊಳ್ತೀನಿ."

"ಹದಿನೆಂಟು ವರ್ಷ ಬೇಕು."

"ನೋಡೋಣ" ಎಂದು ಇಸ್ತ್ರಿಯಾಕೆ ಹಿಂಬಾಗಿಲಿನಿಂದ ಹೋದಳು. ಗೋಡೆ ಹಿಡಿದುಕೊಂಡೇ ಮೆಟ್ಟಿಲು ಇಳಿದಳು. ಕಲೆಯಮ್ಮ ನೋಡಿದಳು, ಕೈ ಕೊಡಲು ಏಳಲಿಲ್ಲ.

ಮೊದಲ ತಿಂಗಳಲ್ಲೇ ಅರ್ಧದಷ್ಟು ಅಂಗಿಗಳು ಐದು ಬಾಗಿಲು ಆಚೆ ಹೋದವು. ಹೋಟೆಲುಗಳು ಇವಳ ಕಡೆ ಉಳಿದವು, ಏಕೆಂದರೆ ವ್ಯಾನು ಇವಳದು. ಬಾಯ್ಲರ್ ಮೂರು ವಾರ ಕಾಟ ಕೊಟ್ಟಿತು. ಎಡಗಡೆಯ ಕವಾಟವನ್ನು ಮುಕ್ಕಾಲು ಸುತ್ತು ಮಾತ್ರ ತಿರುಗಿಸಬೇಕು ಎಂಬುದನ್ನು ಅವಳು ಮುಂಗೈ ಸುಟ್ಟುಕೊಂಡು ಕಂಡುಹಿಡಿದಳು. ಇಸ್ತ್ರಿ ಯಂತ್ರದ ಮುಂದೆ ಈಗ ಅವಳೇ ನಿಲ್ಲುತ್ತಾಳೆ. ಪ್ಯಾಂಟಿನ ಇಸ್ತ್ರಿ ಗೆರೆ ನೆಟ್ಟಗೆ ಬರುವುದಕ್ಕೆ ಒಂದು ವರ್ಷ ಹಿಡಿಯಿತು. ಆ ಕಡೆ ಅಂಗಡಿ ಬೆಳಿಗ್ಗೆ ಏಳಕ್ಕೆ ತೆರೆಯುತ್ತದೆಂದು ತಿಳಿದಾಗ ಇವಳು ಆರೂವರೆಗೆ ತೆರೆದಳು. ಅವಳು ಆರಕ್ಕೆ ತೆರೆದಳು. ಬೀದಿಯ ಬ್ರೆಡ್ಡಿನ ಅಂಗಡಿಯವನು, "ನಿಮ್ಮಿಬ್ಬರ ಜಗಳದಿಂದ ನನಗೆ ನಿದ್ದೆ ಇಲ್ಲ. ನೀವು ತೆಗೆದ ಮೇಲೆ ನಾನು ಮಲಗಿದ್ರೆ ಜನ ನನ್ನನ್ನ ಸೋಮಾರಿ ಅಂತಾರೆ" ಎಂದು ಬೇಸರಪಟ್ಟುಕೊಂಡ.

ಬೀದಿಯಲ್ಲಿ ಎದುರಾದರೆ ಇಬ್ಬರೂ ಮಾತಾಡುವುದಿಲ್ಲ. ಒಬ್ಬಳು ಈ ಬದಿಯಲ್ಲಿ ಬಂದರೆ ಇನ್ನೊಬ್ಬಳು ಆ ಬದಿಗೆ ದಾಟುತ್ತಾಳೆ. ಯಾರು ಮೊದಲು ದಾಟಬೇಕು ಎಂಬುದರಲ್ಲೂ ಪೈಪೋಟಿಯೇ.

ಮೊನ್ನೆ ಒಂದು ಬೆಳಿಗ್ಗೆ ಗಂಡ ವ್ಯಾನಿಗೆ ಗಂಟುಗಳನ್ನು ತುಂಬುತ್ತಿದ್ದ. ಐದು ಬಾಗಿಲು ಆಚೆ ಇಸ್ತ್ರಿಯಾಕೆ ಅಂಗಡಿಯ ಮುಂದಿನ ಹಿಮ ಗುಡಿಸುತ್ತಿದ್ದಳು. ಕಲೆಯಮ್ಮ ಗಾಜಿನ ಹಿಂದಿನಿಂದ ಎಲ್ಲವನ್ನೂ ನೋಡುತ್ತಿದ್ದಳು. ಅವನು ಒಳಗೆ ಬಂದೊಡನೆ ಕೇಳಿದಳು.

"ಕೈ ಎತ್ತಿದ್ರಲ್ಲ, ಯಾರಿಗೆ?"

"ಯಾರಿಗೂ ಇಲ್ಲ ಕಣೆ. ನೊಣ ಓಡಿಸ್ದೆ."

"ಈ ಚಳೀಲಿ ನೊಣಾನಾ?"

ಅವನು ಇನ್ನೊಂದು ಗಂಟು ಎತ್ತಿ ಹೆಗಲಿಗೆ ಹಾಕಿಕೊಂಡು, ಮುಖ ಕಾಣದಂತೆ ಅದನ್ನು ಅಡ್ಡ ಹಿಡಿದುಕೊಂಡು ಹೊರಗೆ ಹೋದ.